ಬಿಪಿ ನೋಡಲು ಬಂದರೆ ಸಾಕಾ?

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದಾದರೂ ಸ್ವಲ್ಪ ಹಗುರ ಆಗುತ್ತೇನೋ ನೋಡೋಣ.

ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ನೆನಪು, ತಿಳುವಳಿಕೆ ಎಲ್ಲ ಕುಗ್ಗುತ್ತಾ ಹೋಗುವ ಕಾಯಿಲೆ. ಮನೆಯಲ್ಲಿದ್ದು ಅವಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಅಟೆಂಡರ್ ಊರಿಗೆ ಹೋದ ಮೇಲೆ ಏಜೆನ್ಸಿಯವರು ಹೊಸ ಹುಡುಗಿಯನ್ನು ಕಳಿಸಿದ್ದಾರೆ. 'ಟ್ರೈನ್ಡ್ ಇದ್ದಾಳೆ ಮೇಡಂ, ಡಿಮೆನ್ಶಿಯಾ ಕೇಸ್ ಎಲ್ಲ ನೋಡಿದ್ದಾಳೆ' ಅಂತ ಫೋನಿನಲ್ಲಿ ಹೇಳಿದ್ದರು. ಇವತ್ತು ಅಮ್ಮ ಎಂದಿನಂತೆ, 'ಅವ್ರು ಇನ್ನೂ ಬರ್ಲಿಲ್ವಾ?' ಅಂತ ಅಪ್ಪನ ಬಗ್ಗೆ ಕೇಳಿದಳು. ಹುಡುಗಿ ತಕ್ಷಣ, 'ಅಮ್ಮಾರೆ, ನಿಮ್ಮ ಯಜಮಾನ್ರು ತೀರಿ ಹೋಗ್ಯಾರಲ್ರಿ, ಮರತೀರೇನು?' ಅಂದುಬಿಟ್ಟಳು.

ಅಮ್ಮನಿಗೆ ಅದು ಹೊಸ ಸುದ್ದಿ. ಅಪ್ಪ ಆಗ ತಾನೇ ಹೋದಂತೆ ಅತ್ತಳು. ಯಾಕೆ ಅಳುತ್ತಿದ್ದೇನೆ ಅನ್ನುವುದು ಸ್ವಲ್ಪ ಹೊತ್ತಿಗೆ ಮರೆತೇ ಹೋಯಿತು, ಆದರೆ ಮಧ್ಯಾಹ್ನದವರೆಗೂ ಅಳು ನಿಲ್ಲಲಿಲ್ಲ. ಈ ಕಾಯಿಲೆಯಲ್ಲಿ ವಿಷಯ ಮರೆತುಹೋದರೂ ನೋವು ಉಳಿಯುತ್ತೆ.

ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ. ರಾಯಚೂರಿನ ಕಡೆಯವಳು, ಮನಸ್ಸು ತುಂಬ ಒಳ್ಳೆಯದು. ಬಿಪಿ ನೋಡುತ್ತಾಳೆ, ಶುಗರ್ ನೋಡುತ್ತಾಳೆ, ಡೈಪರ್ ಬದಲಿಸುತ್ತಾಳೆ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದೂ ಗೊತ್ತು. ಕಲಿಸಿದ್ದನ್ನೆಲ್ಲ ಚೆನ್ನಾಗಿ ಮಾಡುತ್ತಾಳೆ. ಸತ್ತ ಗಂಡನನ್ನು ಒಬ್ಬಳು ಕೇಳಿದರೆ ಏನು ಉತ್ತರ ಕೊಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. 'ಅವರ ನೆನಪು ಬಂತಾ ಅಮ್ಮಾ? ಅವರಿಗೆ ಯಾವ ಅಡುಗೆ ಇಷ್ಟ ಇತ್ತು?' ಅಂತ ಮಾತು ತಿರುಗಿಸಿದ್ದರೆ ಸಾಕಿತ್ತು. ಅದರಲ್ಲಿ ಸುಳ್ಳಿಲ್ಲ, ಅಮ್ಮನ ಮಾತನ್ನು ತಳ್ಳಿಹಾಕಿದಂತೆಯೂ ಅಲ್ಲ. ಇದು ತಾನಾಗಿ ಬರುವ ವಿದ್ಯೆ ಅಲ್ಲ, ಕಲಿಸಬೇಕು.

ಸ್ನಾನದ ವಿಷಯಕ್ಕೆ ಬನ್ನಿ. 'ಹಟ ಮಾಡ್ತಾರೆ, ಹೊಡೀತಾರೆ' ಅಂತ ಪ್ರತಿ ಅಟೆಂಡರ್ ದೂರುತ್ತಾರೆ. ಗುರುತಿಲ್ಲದ ಒಬ್ಬರು ಬಂದು ಸೀರೆಗೆ ಕೈ ಹಾಕಿದರೆ ಯಾರಾದರೂ ಸುಮ್ನೆ ಕೂರುತ್ತಾರಾ? ಎದುರಿನಿಂದ ಬರಬೇಕು, ಕಣ್ಣಿಗೆ ಕಣ್ಣು ಕೊಡಬೇಕು, ಹೆಸರು ಹಿಡಿದು ಕರೆಯಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಿ ಕಾಯಬೇಕು. ಬಾಗಿಲಲ್ಲಿ ಹಾಸಿದ ಕಪ್ಪು ಮ್ಯಾಟ್ ಅವರಿಗೆ ಗುಂಡಿಯಂತೆ ಕಾಣಬಹುದು, ಅದಕ್ಕೇ ಕಾಲಿಡುವುದಿಲ್ಲ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಸರಿಯಾಗಿ ಕಾಣದೆ ಊಟ ಬಿಡುವವರಿದ್ದಾರೆ. ನಮ್ಮ ಮನೆಯಲ್ಲಿ ಬಾಳೆಎಲೆ ಹಾಕಿದ ದಿನ ಅಮ್ಮ ಜಾಸ್ತಿ ಉಣ್ಣುತ್ತಾಳೆ.

ಸಂಜೆಯ ಹೊತ್ತು ಇನ್ನೂ ಕಷ್ಟ. ಹೊತ್ತು ಇಳಿಯುತ್ತಿದ್ದಂತೆ 'ಮನಿಗ್ ಹೋಯ್ಕ್, ಮನಿಗ್ ಹೋಯ್ಕ್' (ಮನೆಗೆ ಹೋಗಬೇಕು) ಅಂತ ಶುರುವಾಗುತ್ತೆ. ಅಮ್ಮನಿಗೆ ಇಂಗ್ಲಿಷ್, ಹಿಂದಿ ಎಲ್ಲ ಹೋಗಿ ಈಗ ಹುಟ್ಟೂರಿನ ಕುಂದಾಪುರ ಕನ್ನಡ ಮಾತ್ರ ಉಳಿದಿದೆ. ಅವಳ ಮಾತು ಈ ರಾಯಚೂರಿನ ಹುಡುಗಿಗೇ ಅರ್ಧ ಗೊತ್ತಾಗುವುದಿಲ್ಲ. ಇನ್ನು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಮಕ್ಕಳ ಪಾಡು ಏನು? ಈ ಬೆಂಗಳೂರಿನಲ್ಲಿ ಎಷ್ಟು ಮನೆಗಳಲ್ಲಿ ಅವರೇ ಇದ್ದಾರೆ.

ಎಲ್ಲಕ್ಕಿಂತ ಹೆದರಿಕೆ ಆಗುವುದು ಬೇರೆಯದಕ್ಕೆ. ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿ ಆದರೆ ಅದು ಮೂತ್ರದ ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ಎಲ್ಲೋ ನೋವು ಇರಬಹುದು. ಹೇಳಲು ಅವರಿಗೆ ಬರುವುದಿಲ್ಲ. ಕಲಿತವರು ಅದನ್ನು ಗುರುತಿಸಿ ಡಾಕ್ಟರಿಗೆ ಹೇಳುತ್ತಾರೆ. ಕಲಿಯದವರು 'ಇವತ್ತು ಜಾಸ್ತಿ ಕಾಟ ಕೊಡ್ತಿದ್ದಾರೆ' ಅಂತ ನಿದ್ದೆ ಮಾತ್ರೆ ಕೇಳುತ್ತಾರೆ.

'ಪ್ರೀತಿ ಇದ್ದರೆ ಸಾಕು, ನಮ್ಮ ಅಜ್ಜಿಯರನ್ನು ಯಾವ ಟ್ರೈನಿಂಗ್ ತಗೊಂಡು ನೋಡಿಕೊಂಡರು?' ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಆಗ ಮನೆ ತುಂಬ ಜನ ಇದ್ದರು, ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು. ಆದರೂ ರಾತ್ರಿ ಎದ್ದು ಓಡಾಡುವ ಮುದುಕರನ್ನು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದ ಮನೆಗಳು ನಮ್ಮೂರಲ್ಲೇ ಇದ್ದವು. ಅವರಲ್ಲಿ ಪ್ರೀತಿ ಇರಲಿಲ್ಲ ಅಂತ ನಾನು ಹೇಳಲಾರೆ. ಗೊತ್ತಿರಲಿಲ್ಲ, ಅಷ್ಟೆ.

ಈಗ ಗೊತ್ತಿದೆ. ಕಾಯಿಲೆಯ ಜೊತೆಗೆ, ಸುತ್ತಲಿನವರು ನಡೆಸಿಕೊಳ್ಳುವ ರೀತಿಯೂ ಮನುಷ್ಯನನ್ನು ಕುಗ್ಗಿಸುತ್ತದೆ ಅಂತ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1990ರ ದಶಕದಲ್ಲೇ ಬರೆದರು. ಕೇರಳದಲ್ಲಿ ಡಿಮೆನ್ಶಿಯಾ ರೋಗಿಗಳಿಗೂ ಅವರ ಮನೆಯವರಿಗೂ ನೆರವಾಗುವ ಎಆರ್‌ಡಿಎಸ್‌ಐ ಸಂಸ್ಥೆ ಶುರುವಾಗಿದ್ದು 1992ರಲ್ಲಿ. ನಮ್ಮಲ್ಲೇ ನಿಮ್ಹಾನ್ಸ್ ಇದೆ, ಆರೈಕೆ ಮಾಡುವವರಿಗೆ ತರಬೇತಿ ಕೊಡುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ. 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಇಷ್ಟು ಜನರ ಮನೆಗೆ ಹೋಗುವವರಿಗೆ ಒಂದೆರಡು ಸಂಸ್ಥೆಗಳ ತರಬೇತಿ ಎಲ್ಲಿ ಸಾಲುತ್ತೆ?

ಏಜೆನ್ಸಿಗಳು ನಮ್ಮಿಂದ ತಿಂಗಳಿಗೆ ಒಳ್ಳೆಯ ದುಡ್ಡನ್ನೇ ತಗೊಳ್ಳುತ್ತವೆ. ಅದರಲ್ಲಿ ಹುಡುಗಿಯ ಕೈಗೆ ಸೇರುವುದೆಷ್ಟು, ಅವಳ ಕಲಿಕೆಗೆ ಹೋಗುವುದೆಷ್ಟು? ನಾನು ಇವತ್ತು ಫೋನ್ ಮಾಡಿ ಕೇಳಿದೆ. 'ಬೇರೆಯವರನ್ನ ಕಳಿಸ್ತೀವಿ ಮೇಡಂ' ಅಂದರು. ನನಗೆ ಬೇರೆಯವರು ಬೇಡ, ಇವಳೇ ಬೇಕು. ಇವಳನ್ನು ಸಂಬಳ ಕಡಿಯದೆ ತರಬೇತಿಗೆ ಕಳಿಸಿ, ಖರ್ಚಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ನೀವೂ ಅಟೆಂಡರ್ ಹುಡುಕುವಾಗ 'ಎಷ್ಟು ವರ್ಷ ಅನುಭವ' ಅಂತ ಕೇಳಿ ಬಿಡಬೇಡಿ. 'ರೋಗಿ ಮನೆಗೆ ಹೋಗಬೇಕು ಅಂತ ಅತ್ತರೆ ನಿಮ್ಮವರು ಏನು ಹೇಳುತ್ತಾರೆ?' ಅಂತ ಕೇಳಿ. ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯ ಮನೆಗೆ ಕಳಿಸುವ ಮೊದಲು ಅವರೇ ಕಲಿಸುತ್ತಾರೆ.