ತೋಟಕ್ಕೆ ದೋಟಿ ಬಂತು, ಸಾರುವೆಗೆ ಬೆಲ್ಟ್ ಬರಲಿಲ್ಲ

ದೀಪಾವಳಿಗೆ ತೀರ್ಥಹಳ್ಳಿಗೆ ಬಂದಾಗ ಚಿಕ್ಕಪ್ಪನ ಹೊಸ ಮನೆಯ ಮೇಲಂತಸ್ತಿಗೆ ಗಾರೆ ನಡೆಯುತ್ತಿತ್ತು. ಅಡಿಕೆ ಮರದ ಸಾರುವೆ. ರಾತ್ರಿ ಮಳೆ ಬಂದು ಹಲಗೆಗಳು ಜಾರುತ್ತಿದ್ದವು. ಅದರ ಮೇಲೆ ಬರಿಗಾಲಲ್ಲಿ ನಿಂತಿದ್ದ ಹುಡುಗನಿಗೆ ಇಪ್ಪತ್ತು ತುಂಬಿರಲಿಕ್ಕಿಲ್ಲ. ಸುರಕ್ಷತಾ ಬೆಲ್ಟ್ ಎಲ್ಲಿ ಎಂದು ಕೇಳಿದೆ. ಮೇಸ್ತ್ರಿ ನಕ್ಕರು: "ಇದು ಸಿಂಗಾಪುರವಲ್ಲ ಮಾರಾಯರೇ, ನಮ್ಮ ಹುಡುಗರಿಗೆ ಅಭ್ಯಾಸವಿದೆ." ಆ ನಗು ಇನ್ನೂ ಚುಚ್ಚುತ್ತಿದೆ.

ಹನ್ನೊಂದು ವರ್ಷದಿಂದ ಸಿಂಗಾಪುರದ ಕಟ್ಟಡ ಕಾಮಗಾರಿಗಳಲ್ಲಿ ಎಂಜಿನಿಯರ್ ಆಗಿದ್ದೇನೆ. ಮೂರು ಮೀಟರಿಗಿಂತ ಎತ್ತರದಿಂದ ಬೀಳುವ ಅಪಾಯವಿದ್ದರೆ ಅಲ್ಲಿ ಲಿಖಿತ ಪರವಾನಗಿಯಿಲ್ಲದೆ ಕೆಲಸ ಶುರುವಾಗುವುದಿಲ್ಲ. 2024ರ ಜೂನ್‌ನಿಂದ 50 ಲಕ್ಷ ಸಿಂಗಾಪುರ ಡಾಲರ್ ಮತ್ತು ಅದಕ್ಕೂ ಹೆಚ್ಚಿನ ಕಟ್ಟಡ ಗುತ್ತಿಗೆಗಳಲ್ಲಿ ಕೆಲಸದ ಜಾಗಕ್ಕೆ ನಿಗಾ ಕ್ಯಾಮೆರಾ ಕಡ್ಡಾಯ. ಅದನ್ನೆಲ್ಲ ಚಿಕ್ಕಪ್ಪನ ಮನೆಗೆ ತರಬೇಕೆಂದು ನಾನು ಕೇಳುತ್ತಿಲ್ಲ. ಎರಡು ಬೆಲ್ಟ್, ನಾಲ್ಕು ಹೆಲ್ಮೆಟ್, ಸಾರುವೆಗೆ ಸೊಂಟದೆತ್ತರದಲ್ಲಿ ಅಡ್ಡಲಾಗಿ ಒಂದು ಗಳ ಸಾಕು.

ಮಲೆನಾಡಿನವರಿಗೆ ಹೊಸ ಉಪಕರಣ ಒಗ್ಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಂದೇ ಹಿತ್ತಿಲ ತೋಟದಲ್ಲಿ ಅಡಿಕೆ ಕೊನೆಗಳ, ಅಂದರೆ ಗೊಂಚಲುಗಳ, ಕೊಯ್ಲು ನಡೆಯುತ್ತಿತ್ತು. ಒಬ್ಬರೂ ಮರ ಹತ್ತಿರಲಿಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಿದ್ದರು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗದಾದಾಗ ಅಷ್ಟು ದುಬಾರಿಯ ದೋಟಿಯನ್ನೂ ತಂದೆವು, ಕತ್ತು ನೋಯಿಸಿಕೊಂಡು ಕಲಿತೆವು. ಗಾರೆ ಕೆಲಸಕ್ಕೆ ಹುಡುಗರು ಇನ್ನೂ ಸಿಗುತ್ತಾರೆ. ಸಿಗುವವರೆಗೆ ಬೆಲ್ಟ್ ನೆನಪಾಗುವುದಿಲ್ಲ. ಬರೆಯಲು ಸಂಕಟವಾಗುತ್ತದೆ, ಆದರೆ ನಾನು ಕಂಡದ್ದು ಇದನ್ನೇ.

ಕಾನೂನಿನ ಕಡೆ ಬೆರಳು ತೋರಿಸಿಯೂ ಫಲವಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಅನ್ವಯಿಸುತ್ತಿದ್ದುದೇ ಹತ್ತು ಮಂದಿಯಾದರೂ ದುಡಿಯುವ ಕಡೆಗಳಿಗೆ. ಮೇಸ್ತ್ರಿಯ ಬಳಿ ಇದ್ದವರು ಐವರು. ಇಲ್ಲಿ ಮನೆ ಕಟ್ಟಿಸುವವರೇ ಕೇಳಬೇಕು.

ಇನ್ನೊಂದನ್ನೂ ಹೇಳಲೇಬೇಕು. ಸಿಂಗಾಪುರದಲ್ಲಿ ಕೆಲಸಗಾರರನ್ನು ಇಂದಿಗೂ ಲಾರಿಯ ಹಿಂಬದಿಯಲ್ಲಿ ಕೂರಿಸಿ ಕರೆತರುತ್ತಾರೆ. ನಾನು ಬೆಲ್ಟ್ ತಪಾಸಣೆ ಮಾಡುವವರಲ್ಲಿ ಎಷ್ಟೋ ಮಂದಿಯ ಊರು ಯಾವುದೆಂದು ನನಗೆ ಗೊತ್ತಿಲ್ಲ. ಇಲ್ಲಿ ಚಿಕ್ಕಮ್ಮ ಆ ಹುಡುಗನನ್ನು ಕೆಳಗೆ ಕರೆದು, ಅವಲಕ್ಕಿ ಕಾಫಿ ಕೊಟ್ಟು, ಅವನ ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಿದರು.

ಮರುದಿನ ಶಿವಮೊಗ್ಗಕ್ಕೆ ಹೋಗಿ ಎರಡು ಬೆಲ್ಟ್ ತಂದೆ. ಅಡಿಕೆ ಮರದ ಸಾರುವೆಯಲ್ಲಿ ಅವುಗಳ ಕೊಕ್ಕೆ ಸಿಕ್ಕಿಸಲು ನಂಬುವಂಥ ಜಾಗವೇ ಇರಲಿಲ್ಲ. ಕೊನೆಗೆ ಒಳಗಿನ ಕಾಂಕ್ರೀಟ್ ಕಂಬಕ್ಕೆ ಹಗ್ಗ ಬಿಗಿದೆವು. ಮೇಸ್ತ್ರಿಯೇ ಮೊದಲು ಜಗ್ಗಿ ನೋಡಿದರು.