ಮೊದಲು ಟೀ, ಆಮೇಲೆ ಬ್ಯಾಟು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಾಲೆಗಳಲ್ಲಿ ಬೇಸ್‌ಬಾಲಿನಂಥ ಆಟವಾದ ಸಾಫ್ಟ್‌ಬಾಲ್ ಆಡಿಸುವ ಪಿ.ಇ. ಮಾಸ್ತರರಿಗೆ, ಆಡುವ ಮಕ್ಕಳ ತಂದೆತಾಯಿಗೆ ಈ ಬರಹ. ಆಯ್ಕೆ ಪಂದ್ಯ ಹತ್ತಿರ ಬಂದಾಗ ಹೇಗೋ ಒಂದಿಷ್ಟು ದುಡ್ಡು ಕೂಡುತ್ತದೆ. ಕೂಡಿದ್ದೇ ತಡ, ಒಂದು ಹೊಳೆಯುವ ಬ್ಯಾಟು, ಮೂರು ಚೆಂಡು ಬರುತ್ತವೆ, ಅಲ್ಲಿಗೆ ಖರೀದಿ ಮುಗಿಯಿತು. ಅಭ್ಯಾಸದ ಸಾಮಾನು ಅಂದರೆ ಬ್ಯಾಟು ಅಂತಲೇ ಎಲ್ಲರ ಲೆಕ್ಕ. ನನ್ನ ಮಾತು ಇದಕ್ಕೆ ಪೂರ್ತಿ ಉಲ್ಟಾ. ಮೊದಲ ದುಡ್ಡು ಟೀಗೆ, ಅಂದರೆ ಚೆಂಡು ಇಟ್ಟು ಹೊಡೆಯುವ ಕಂಬಕ್ಕೆ, ಹೋಗಬೇಕು, ಆಮೇಲೆ ನೆಟ್ಟಿಗೆ, ಆಮೇಲೆ ಚೆಂಡಿಗೆ. ಬ್ಯಾಟಿನ ಸರದಿ ನಾಲ್ಕನೆಯದು.

ಯಾಕೆ ಅಂತ ಬೇಕಾದರೆ ಒಂದು ಗಂಟೆಯ ಅಭ್ಯಾಸವನ್ನು ಎಣಿಸಿ ನೋಡ್ರಿ. 15 ಮಕ್ಕಳು, ಚೆಂಡು ಎಸೆಯಲು ಒಬ್ಬ ಪಿಚರ್, ಮೂರು ಚೆಂಡು. ಎಸೆದು, ಹೊಡೆದು, ಹೋದ ಚೆಂಡು ವಾಪಸ್ ಬರಲು ಕಮ್ಮಿ ಅಂದರೂ 15 ಸೆಕೆಂಡು. ಗಂಟೆಗೆ 240 ಎಸೆತ ಆಯಿತು, ಒಂದು ಮಗುವಿಗೆ 16. ಅದರಲ್ಲಿ ಅರ್ಧ ಚೆಂಡು ಬ್ಯಾಟಿಗೆ ನಿಲುಕುವ ಜಾಗಕ್ಕೇ ಬರುವುದಿಲ್ಲ. ಉಳಿದ ಹೊತ್ತೆಲ್ಲ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ. ಅದೇ 15 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ನಾಲ್ಕು ಜಾಗದಲ್ಲಿ 12-12 ನಿಮಿಷ ಹೊಡೆಸಿರಿ. ಟೀ ಮೇಲೆ ಚೆಂಡಿಟ್ಟು ಹೊಡೆಯಲು 10 ಸೆಕೆಂಡು ಸಾಕು. 12 ನಿಮಿಷಕ್ಕೆ 72 ಹೊಡೆತ, ನಾಲ್ವರಿಗೆ ಹಂಚಿದರೆ ತಲಾ 18. ನಾಲ್ಕೂ ಜಾಗ ಸುತ್ತುವಷ್ಟರಲ್ಲಿ ಒಬ್ಬೊಬ್ಬರಿಗೆ 70ರ ಆಸುಪಾಸು. ಬ್ಯಾಟಿಂಗ್ ಕೈಗೆ ಹತ್ತುವುದು ಈ ಎಣಿಕೆಯಿಂದಲೇ ಹೊರತು ಬ್ಯಾಟಿನ ಮೇಲಿನ ಬಣ್ಣದಿಂದಲ್ಲ.

ಟೀ ಅಂದರೆ ಚೆಂಡನ್ನು ಬೇಕಾದ ಎತ್ತರಕ್ಕೆ ನಿಲ್ಲಿಸುವ ಕಂಬ, ಅಷ್ಟೇ. ಅಂಗಡಿಯದೇ ಆಗಬೇಕೆಂದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಒಂದು ಸುತ್ತು ಹಾಕಿದರೆ ಸಾಮಾನೆಲ್ಲ ಸಿಗುತ್ತದೆ. ಒಂದೂಕಾಲು ಇಂಚಿನ ದಪ್ಪ ಪಿವಿಸಿ ಪೈಪು 45 ಸೆಂ.ಮೀ., ಅದರೊಳಗೆ ಸರಿಯುವ ಒಂದು ಇಂಚಿನ ಪೈಪು 50 ಸೆಂ.ಮೀ., ತಳಕ್ಕೆ 18 ಮಿ.ಮೀ. ಪ್ಲೈವುಡ್ಡಿನ 45 ಸೆಂ.ಮೀ. ಚೌಕ, ಪೈಪು ಕೂರಿಸಲು ಒಂದು ಫ್ಲಾಂಜು, ಎತ್ತರ ಹಿಡಿದು ನಿಲ್ಲಿಸಲು ಒಂದು ಬೋಲ್ಟು. ಒಳಪೈಪಿಗೆ 10 ಸೆಂ.ಮೀ.ಗೊಂದು ತೂತು ಕೊರೆದರೆ, ತಲೆಗೆ ಹಾಕುವ ರಬ್ಬರೂ ಸೇರಿ ಸುಮಾರು 60ರಿಂದ 95 ಸೆಂ.ಮೀ.ವರೆಗೆ ಎತ್ತರ ಬದಲಿಸಬಹುದು. ಸಾಫ್ಟ್‌ಬಾಲಿನ ಸ್ಟ್ರೈಕ್ ಜೋನು, ಅಂದರೆ ಸರಿಯಾದ ಎಸೆತ ಬರಬೇಕಾದ ಎತ್ತರ, ಮೊಣಕಾಲಿನ ಮೇಲ್ತುದಿಯಿಂದ ಕಂಕುಳವರೆಗೆ. 14ರ ಒಳಗಿನ ಮಕ್ಕಳಿಗೆ ಈ ಎತ್ತರದಲ್ಲಿ ಕೆಲಸ ನಡೆಯುತ್ತದೆ.

ಎಲ್ಲರೂ ತಪ್ಪುವುದು ತಲೆಯ ಭಾಗದಲ್ಲಿ. ಪೈಪಿನ ಬಾಯಿಯ ಮೇಲೇ ಚೆಂಡು ಇಟ್ಟುಬಿಡುತ್ತಾರೆ. ಹೊಸಬರ ಬ್ಯಾಟು ಹತ್ತರಲ್ಲಿ ನಾಲ್ಕು ಸಲ ಚೆಂಡಿನ ಕೆಳಗೇ ಬಡಿಯುತ್ತದೆ. ನಮ್ಮ ಬಿಸಿಲಿಗೆ ಒಣಗಿದ ಪಿವಿಸಿ ಹಾಗೆ ಬಡಿದರೆ ಸೀಳುತ್ತದೆ, ಚೂರು ಹಾರಿ ಕಣ್ಣಿಗೆ ಬಡಿಯಬಹುದು. ಗ್ಯಾರೇಜಿನಲ್ಲಿ ಹಳೆಯ ರೇಡಿಯೇಟರ್ ಹೋಸ್ ಸಿಗುತ್ತದೆ. ಅದರ 15 ಸೆಂ.ಮೀ. ತುಂಡನ್ನು ಮೇಲ್ಪೈಪಿಗೆ 5 ಸೆಂ.ಮೀ. ಇಳಿಸಿ, ಕ್ಲಿಪ್ಪು ಹಾಕಿ ಬಿಗಿಯಿರಿ. ಮೇಲಿನ 10 ಸೆಂ.ಮೀ. ರಬ್ಬರು ಬ್ಯಾಟು ತಾಗಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಳ ಹಾರದಂತೆ ಐದು ಕೆ.ಜಿ. ಉಸುಕಿನ ಚೀಲ ಇಡ್ರಿ. ಶಹಾಬಾದ್ ಫರ್ಸಿ ಬಿದ್ದಿದೆ ಅಂತ ಅದನ್ನೇ ತಳಕ್ಕೆ ಹಾಕಬೇಡ್ರಿ. ತಪ್ಪಿದ ಬ್ಯಾಟು ಕಲ್ಲಿನ ಅಂಚಿಗೆ ಬಡಿದರೆ ಬ್ಯಾಟೂ ಹೋಯಿತು, ಮಗುವಿನ ಮಣಿಕಟ್ಟೂ ಹೋಯಿತು.

ಟೀ ಇಡುವ ಜಾಗದ ಬಗ್ಗೆ ನನಗೆ ಬಹಳ ಹಟ. ಹತ್ತು ಶಾಲೆಗೆ ಹೋದರೆ ಒಂಬತ್ತರಲ್ಲಿ ಟೀ ಮಗುವಿನ ಹೊಕ್ಕುಳದ ಎದುರಿಗೆ ಇರುತ್ತದೆ. ಅಲ್ಲಿ ಚೆಂಡು ತಾಗಿತು ಅಂದರೆ ನಿಜವಾದ ಆಟದಲ್ಲಿ ಅದು ತಡವಾದ ಹೊಡೆತ. ಬಲಗೈ ಆಟಗಾರರ ಚೆಂಡು ಬಲಗಡೆಯ ಫೌಲ್ ಗೆರೆ, ಅಂದರೆ ಆಟದ ಅಂಕಣದ ಅಂಚು, ದಾಟಿ ಹೋಗುತ್ತದೆ. ನಡುವಿನ ಚೆಂಡಿಗೆ ಟೀ ಮುಂಗಾಲಿನ (ಪಿಚರ್ ಕಡೆಯ ಕಾಲಿನ) ನೇರಕ್ಕಿಂತ ತುಸು ಮುಂದೆ ಇರಬೇಕು, ಮೈಹತ್ತಿರದ ಚೆಂಡಿಗೆ ಇನ್ನೊಂದು ಗೇಣು ಮುಂದೆ, ಹೊರಗಿನ ಚೆಂಡಿಗೆ ಮುಂಗಾಲಿಗಿಂತ ತುಸು ಹಿಂದೆ. ಹೊಡೆಯುವವರ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟಿನ ಅಗಲ 43 ಸೆಂ.ಮೀ. ನೆಲದ ಮೇಲೆ ಸುಣ್ಣದಲ್ಲಿ ಪ್ಲೇಟು ಬರೆದು, ಈ ಮೂರು ಜಾಗಕ್ಕೂ ಗುರುತು ಹಾಕಿರಿ. ಗುರುತಿಲ್ಲದಿದ್ದರೆ ಮಕ್ಕಳು ಎರಡೇ ನಿಮಿಷದಲ್ಲಿ ತಮಗೆ ಹಿತವಾದ ಕಡೆ ಸರಿದು ನಿಲ್ಲುತ್ತಾರೆ, ಅದನ್ನು ಯಾರೂ ಗಮನಿಸುವುದೂ ಇಲ್ಲ.

ಚೆಂಡಿನ ಸುತ್ತ ಸ್ಕೆಚ್ ಪೆನ್ನಿನಲ್ಲಿ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಲ್ಲುವಂತೆ ಟೀ ಮೇಲೆ ಇಡ್ರಿ. ಹೊಡೆದಾಗ ಗೆರೆ ಗೆರೆಯಾಗಿಯೇ ತಿರುಗುತ್ತಾ ಹೋದರೆ ಬ್ಯಾಟು ನೇರ ತಾಗಿದೆ. ಗೆರೆ ಓಲಾಡಿ ಮಸುಕಾದರೆ ಮಣಿಕಟ್ಟು ಬೇಗ ಮಗುಚಿದೆ. ಚೆಂಡು ನೆಟ್ಟಿನ ಮೇಲಂಚಿಗೇ ಹೋಗುತ್ತಿದ್ದರೆ ಹಿಂದಿನ ಭುಜ ಕುಸಿಯುತ್ತಿದೆ. ರಬ್ಬರಿಗೇ ಬಡಿಯುತ್ತಿದ್ದರೆ ಚೆಂಡು ತಾಗುವ ಮೊದಲೇ ಕಣ್ಣು ಮೇಲೆದ್ದಿದೆ. ನಮ್ಮ ಕಡೆ ಇನ್ನೊಂದು ಚಟ ಇದೆ: ಗಲ್ಲಿಯಲ್ಲಿ ಕ್ರಿಕೆಟ್ ಆಡಿ ಬಂದ ಮಕ್ಕಳು ಬ್ಯಾಟನ್ನು ನೆಲದಿಂದ ಎತ್ತಿ ಹೊಡೆಯುತ್ತಾರೆ. ಸಾಫ್ಟ್‌ಬಾಲಿನಲ್ಲಿ ಬ್ಯಾಟು ಭುಜದ ಬಳಿಯಿಂದ ಹೊರಡಬೇಕು. ಅವರಿಗೆ ಮೊದಲ ಎರಡು ವಾರ ಟೀ ಎದೆಮಟ್ಟಕ್ಕೇ ಇಡ್ರಿ. ಅಷ್ಟೆತ್ತರದ ಚೆಂಡನ್ನು ನೆಲದಿಂದ ಎತ್ತಿ ಹೊಡೆಯಲು ಬರುವುದಿಲ್ಲ, ಚಟ ತಾನೇ ಬಿಡುತ್ತದೆ.

ಇನ್ನು ನೆಟ್ಟು. ಕ್ರಿಕೆಟ್ಟಿನ ನೈಲಾನ್ ನೆಟ್ಟೇ ಸಾಕು. ಸಾಫ್ಟ್‌ಬಾಲಿನ ಅಡ್ಡಳತೆ ಸುಮಾರು 9.7 ಸೆಂ.ಮೀ. ಇರುವುದರಿಂದ ನೆಟ್ಟಿನ ತೂತಿನಲ್ಲಿ ನುಸುಳುವುದಿಲ್ಲ. ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ, ಎರಡು ಪದರ, ಟೀಯಿಂದ ಎರಡು ಮೀಟರ್ ದೂರ. ಬಿಗಿದು ಕಟ್ಟುವುದೇ ದೊಡ್ಡ ತಪ್ಪು. ಹಗ್ಗದ ಮಂಚದಂತೆ ಬಿಗಿದ ನೆಟ್ಟು ಚೆಂಡನ್ನು ಹೊಡೆದವರ ಮುಖಕ್ಕೇ ತಿರುಗಿಸುತ್ತದೆ. ಜೋಲಾಗಿ ಬಿಟ್ಟು, ಕೆಳಗೆ ಒಂದು ಮೊಳ ನೆಲದ ಮೇಲೆ ಮಲಗಿರಲಿ. ಚೆಂಡು ಅಲ್ಲೇ ಬಿದ್ದು ಕೂರುತ್ತದೆ. ಕಂಬ ಕಬ್ಬಿಣದ್ದಾದರೆ ಹಳೆಯ ಸೈಕಲ್ ಟ್ಯೂಬು ಸುತ್ತಿರಿ. ಸಂಜೆ ನೆಟ್ಟು ಬಿಚ್ಚಿ ಒಳಗಿಡ್ರಿ. ಬೇಸಿಗೆಯ ಬಿಸಿಲಲ್ಲಿ ಹಗಲೆಲ್ಲ ತೂಗಿದ ನೈಲಾನ್ ಎಳೆ ಗಡಸಾಗಿ, ಕೈಯಲ್ಲಿ ಜಗ್ಗಿದರೂ ಹರಿಯುವ ಸ್ಥಿತಿಗೆ ಬರುತ್ತದೆ. ಮೀನಿನ ಬಲೆ ಬೇಡವೇ ಬೇಡ, ಅದರ ಎಳೆ ಬಹಳ ತೆಳು.

ಚೆಂಡು ಕೊಳ್ಳುವಾಗ ಒಂದು ದಾರ, ಒಂದು ಅಳತೆ ಪಟ್ಟಿ, ಅಡುಗೆಮನೆಯ ಚಿಕ್ಕ ತಕ್ಕಡಿ ಒಯ್ಯಿರಿ. 12 ಇಂಚಿನ ಚೆಂಡಿನ ಸುತ್ತಳತೆ 30.5 ಸೆಂ.ಮೀ. ಆಸುಪಾಸು ಇರಬೇಕು, ತೂಕ 178ರಿಂದ 198 ಗ್ರಾಂ ಒಳಗೆ. ಅಂಗಡಿಯವರು ಬೇಸರಪಟ್ಟರೂ ಪರವಾಗಿಲ್ಲ, ತೂಗಿಯೇ ತಗೊಳ್ರಿ. ಆಮೇಲೆ ಫರ್ಸಿ ನೆಲದ ಮೇಲೆ ಮೆಲ್ಲಗೆ ಉರುಳಿಸಿ ಬಿಡ್ರಿ. ಒಳ್ಳೆಯ ಚೆಂಡು ನೇರ ಹೋಗುತ್ತದೆ. ಒಳಗಿನ ತಿರುಳು ಸರಿ ಕೂರದ ಚೆಂಡು ಕುಂಟುತ್ತಾ ಒಂದು ಬದಿಗೆ ವಾಲಿ ನಿಲ್ಲುತ್ತದೆ. ಮಳೆಗಾಲಕ್ಕೆ ಚರ್ಮದ ಹೊದಿಕೆ ಬೇಡ. ನಮ್ಮ ಕರಿಮಣ್ಣಿನ ಕೆಸರಿನಲ್ಲಿ ನೆಂದ ಚರ್ಮ ನೀರು ಕುಡಿದು ಭಾರವಾಗುತ್ತದೆ, ಒಣಗಿದ ಮೇಲೆ ಹೊಲಿಗೆ ಬಾಯಿಬಿಡುತ್ತದೆ. ಸಿಂಥೆಟಿಕ್ ಹೊದಿಕೆಯ ಹಳದಿ ಚೆಂಡು ಆಗ ವಾಸಿ, ಕೆಸರಿನಲ್ಲಿ ಕಣ್ಣಿಗೂ ಬೀಳುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ 11 ಇಂಚಿನದು ಕೊಡ್ರಿ. 15 ಮಕ್ಕಳ ತಂಡಕ್ಕೆ ನನ್ನ ಲೆಕ್ಕ: ನಿಜವಾದ ಚೆಂಡು 12, ತೂತಿನ ಪ್ಲಾಸ್ಟಿಕ್ ಚೆಂಡು 24. ಪ್ಲಾಸ್ಟಿಕ್ ಚೆಂಡು ಅಗ್ಗ, ದೂರ ಹೋಗುವುದಿಲ್ಲ, ತಾಗಿದರೆ ಪೆಟ್ಟಾಗುವುದಿಲ್ಲ. ಚಿಕ್ಕ ಅಂಗಳದ ಶಾಲೆಗೆ ಅದೇ ಆಸರೆ.

ಟಾಸ್ ಅಭ್ಯಾಸಕ್ಕೆ ಬೇರೆ ಸಾಮಾನು ಬೇಕಿಲ್ಲ, ಜಾಗ ಸರಿ ಇದ್ದರೆ ಸಾಕು. ಎಸೆಯುವವರು ಬದಿಯಿಂದ, ಮುಂದಕ್ಕೆ ಓರೆಯಾಗಿ, ಮೂರು ಮೀಟರ್ ದೂರದಲ್ಲಿ ಕೂತು, ಚೆಂಡನ್ನು ಹೊಡೆಯುವವರ ಮುಂಗಾಲಿನ ಮುಂದಕ್ಕೆ ಎಸೆಯಬೇಕು. ಎದುರಿನಿಂದ ಎಸೆಯುವುದಾದರೆ ಎಲ್ ಆಕಾರದ ಅಡ್ಡನೆಟ್ಟು ಇಲ್ಲದೆ ಮಾಡಲೇಬಾರದು. ಏಳು ಮೀಟರ್ ದೂರದಿಂದ ಮುಖದ ನೇರಕ್ಕೆ ಬರುವ ಚೆಂಡನ್ನು ದೊಡ್ಡವರಿಗೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಡ್ಡನೆಟ್ಟು ಇಲ್ಲವೇ, ಪ್ಲಾಸ್ಟಿಕ್ ಚೆಂಡಿನಲ್ಲಿ ಮಾಡಿರಿ.

ಈಗ ಬ್ಯಾಟು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 'ಬೇಸ್‌ಬಾಲ್ ಬ್ಯಾಟು'ಗಳಲ್ಲಿ ಬಹಳಷ್ಟು ಆಟಕ್ಕೆ ಮಾಡಿದವೇ ಅಲ್ಲ, ಕಾರಿನಲ್ಲಿ ಇಟ್ಟುಕೊಳ್ಳುವ ದೊಣ್ಣೆಗಳು. ತೂಕ ಮುಕ್ಕಾಲು ಕೆ.ಜಿ. ದಾಟುತ್ತದೆ. ಅದನ್ನು 12 ವರ್ಷದ ಹುಡುಗಿಯ ಕೈಗೆ ಕೊಟ್ಟರೆ ಆಕೆ ಬ್ಯಾಟು ಬೀಸುವುದಿಲ್ಲ, ಬ್ಯಾಟೇ ಆಕೆಯನ್ನು ಎಳೆದುಕೊಂಡು ಹೋಗುತ್ತದೆ. ಸಾಫ್ಟ್‌ಬಾಲ್ ಬ್ಯಾಟಿನ ದಪ್ಪ ಭಾಗದ ಅಡ್ಡಳತೆ ಎರಡೂಕಾಲು ಇಂಚು ಮೀರಬಾರದು, ಉದ್ದ 34 ಇಂಚು ಮೀರಬಾರದು. ಒಳ್ಳೆಯ ಬ್ಯಾಟಿನ ಮೇಲೆ ಉದ್ದ ಇಂಚಿನಲ್ಲಿ, ತೂಕ ಔನ್ಸಿನಲ್ಲಿ ಬರೆದಿರುತ್ತದೆ. ಎರಡರ ನಡುವಿನ ವ್ಯತ್ಯಾಸಕ್ಕೆ ಡ್ರಾಪ್ ಅನ್ನುತ್ತಾರೆ. 28 ಇಂಚು, ಮೈನಸ್ 10 ಅಂದರೆ 18 ಔನ್ಸು, ಅಂದರೆ ಸುಮಾರು 510 ಗ್ರಾಂ. ಹತ್ತು ವರ್ಷದ ಆಸುಪಾಸಿನವರಿಗೆ 27-28 ಇಂಚು, 11ರಿಂದ 13ಕ್ಕೆ 29ರಿಂದ 31, ಅದರ ಮೇಲೆ 32-33. ವಯಸ್ಸಿಗಿಂತ ಕೈಯೇ ಸರಿಯಾದ ಸಾಕ್ಷಿ: ಒಂದೇ ಕೈಯಲ್ಲಿ ಬ್ಯಾಟಿನ ಹಿಡಿ ಹಿಡಿದು, ಕೈಯನ್ನು ಬದಿಗೆ ಭುಜದ ಮಟ್ಟಕ್ಕೆ ಚಾಚಿ 20 ಸೆಕೆಂಡು ನಿಲ್ಲಿಸಿ ನೋಡ್ರಿ. ತುದಿ ನಡುಗಿ ಕೆಳಗಿಳಿದರೆ ಆ ಬ್ಯಾಟು ಆ ಮಗುವಿಗೆ ಭಾರ. 'ಮುಂದೆ ಬೆಳೀತಾಳ, ದೊಡ್ಡದೇ ಇರಲಿ' ಅನ್ನುವ ಮಾತು ಚಪ್ಪಲಿಗೆ ಸರಿ, ಬ್ಯಾಟಿಗೆ ಅಲ್ಲ.

ಶಾಲೆಗೆ ಅಲ್ಯೂಮಿನಿಯಂ ಬ್ಯಾಟೇ ಸಾಕು: 28, 30, 32 ಇಂಚಿನ ಮೂರು. ಕಾಂಪೋಸಿಟ್ ಬ್ಯಾಟು ಹತ್ತು ಕೈ ಸುತ್ತುವ ಜಾಗಕ್ಕೆ ಬೇಡ. ಅಲ್ಯೂಮಿನಿಯಂ ತಗ್ಗು ಬಿದ್ದರೆ ಕಣ್ಣಿಗೆ ಕಾಣುತ್ತದೆ, ಕಾಂಪೋಸಿಟ್ ಒಳಗೇ ಬಿರಿಯುತ್ತದೆ. ಯಾವುದೇ ಬ್ಯಾಟಿನಿಂದ ಕ್ರಿಕೆಟ್ ಲೆದರ್ ಬಾಲ್ ಹೊಡೆಯಲು ಬಿಡಬೇಡ್ರಿ. ಅದು ಚಿಕ್ಕದು, ಗಟ್ಟಿ, ಪೆಟ್ಟೆಲ್ಲ ಒಂದೇ ಚುಕ್ಕೆಯಲ್ಲಿ ಬೀಳುತ್ತದೆ. ಅಲ್ಲಾಡಿಸಿದಾಗ ಒಳಗೆ ಗಲಗಲ ಅಂದರೆ ತುದಿಯ ಮುಚ್ಚಳದ ಕಡೆ ಏನೋ ಮುರಿದಿದೆ, ಆ ಬ್ಯಾಟು ಅವತ್ತೇ ಬದಿಗಿಡ್ರಿ. ಹಿಡಿ ಜಾರುತ್ತದೆ ಅಂತ ಕ್ರಿಕೆಟ್ಟಿನ ರಬ್ಬರ್ ಗ್ರಿಪ್ಪು ಏರಿಸುವ ರೂಢಿಯೂ ಇದೆ. ಮೊದಲೇ ಚಿಕ್ಕ ಬೆರಳು, ಅದರ ಮೇಲೆ ದಪ್ಪ ಹಿಡಿ ಆದರೆ ಬ್ಯಾಟು ಅಂಗೈಯೊಳಗೆ ತಿರುಗುತ್ತದೆ. ಟೆನಿಸ್ ರ್‍ಯಾಕೆಟ್ಟಿಗೆ ಸುತ್ತುವ ತೆಳು ಪಟ್ಟಿ ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಕೆಲಸ ಆಯಿತು.

ಮರಕ್ಕೆ ಬೈಕಿನ ಟೈರು ಕಟ್ಟಿ ಹೊಡೆಸುವವರಿದ್ದಾರೆ. ಚಿಕ್ಕ ಮಕ್ಕಳಿಗೆ ನಾನು ಒಪ್ಪುವುದಿಲ್ಲ. ಟೈರಿಗೆ ತಾಗಿದ ಬ್ಯಾಟು ಅಲ್ಲೇ ನಿಲ್ಲುತ್ತದೆ, ಆ ಪೆಟ್ಟು ಮಣಿಕಟ್ಟಿಗೆ ಬರುತ್ತದೆ. ಮೈ ಅದಕ್ಕೆ ಹೆದರಿ ಬೀಸನ್ನು ಅರ್ಧಕ್ಕೇ ತಡೆಯಲು ಕಲಿಯುತ್ತದೆ. ಬ್ಯಾಟಿಗೆ ಹಾಕುವ ಭಾರದ ಬಳೆಯೂ ಬೇಡ. ಪಿಚಿಂಗ್ ಮಷೀನು ಅಂತೂ ಶಾಲೆಗೆ ಕೊನೆಯ ಖರ್ಚು. ಕರೆಂಟು ಬೇಕು, ಅದರದೇ ಚೆಂಡು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸೊಂಟದ ಬಳಿ ಚೆಂಡು ಬಿಡುವ ಕೈಯ ಸುತ್ತು ಅದರಲ್ಲಿ ಕಾಣುವುದಿಲ್ಲ. 12 ಮೀಟರ್ ದೂರದಿಂದ ಗಂಟೆಗೆ 65 ಕಿ.ಮೀ. ವೇಗದಲ್ಲಿ ಬರುವ ಚೆಂಡು ಸೆಕೆಂಡಿನ ಮೂರನೇ ಎರಡು ಭಾಗದೊಳಗೆ ಪ್ಲೇಟು ಮುಟ್ಟುತ್ತದೆ. ಅಷ್ಟರಲ್ಲಿ ಹೆಜ್ಜೆ ಯಾವಾಗ ಇಡಬೇಕು ಅಂತ ಹೇಳಿಕೊಡುವುದು ಆ ಕೈಯೇ. ತಂಡದ ಪಿಚರ್ ವಾರಕ್ಕೆ ಎರಡು ದಿನ ಎದುರಿಗೆ ನಿಂತು ಎಸೆದರೆ ಮಷೀನಿಗಿಂತ ಹೆಚ್ಚು ಲಾಭ.

ಹೆಲ್ಮೆಟ್ಟಿನಲ್ಲಿ ಉಳಿತಾಯ ಮಾಡಬೇಡ್ರಿ. ಎರಡೂ ಕಿವಿ ಮುಚ್ಚುವ, ಮುಖಕ್ಕೆ ಜಾಲರಿ ಇರುವ ನಾಲ್ಕು ಇರಲಿ, ಎರಡು ಅಳತೆಯಲ್ಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಸಂಗತಿ ನೋಡಿಯೇ ನೋಡಬೇಕು. ಶಾಲೆಗೆ ಎರಡು ಜಡೆ ಹೆಣೆದು, ಮಡಚಿ, ಕಿವಿಯ ಹಿಂದೆ ರಿಬ್ಬನ್ ಕಟ್ಟಿ ಬಂದಿರುತ್ತಾರೆ. ಆ ಗಂಟಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಮೇಲೆದ್ದು ನಿಲ್ಲುತ್ತದೆ, ಓಡಿದಾಗ ಕಣ್ಣಿಗೆ ಇಳಿಯುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಹೆಲ್ಮೆಟ್ ಬೇಡ ಅನ್ನುತ್ತಾರೆ, ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ. ಅಭ್ಯಾಸದ ದಿನ ಕುತ್ತಿಗೆಯ ಹತ್ತಿರ ಒಂದೇ ಸಡಿಲ ಜಡೆ ಹಾಕಲು ಮನೆಗೆ ಹೇಳಿ ಕಳಿಸಿರಿ. ಹೆಲ್ಮೆಟ್ ಹಾಕಿಸಿ, ತಲೆ ಅಲ್ಲಾಡಿಸಲು ಹೇಳ್ರಿ. ಹಣೆಯ ಚರ್ಮ ಹೆಲ್ಮೆಟ್ಟಿನ ಜೊತೆ ಅಲುಗಿದರೆ ಅಳತೆ ಸರಿ.

ಬೇಸಿಗೆಯಲ್ಲಿ ಅಭ್ಯಾಸ ಬೆಳಗಿನ ಆರರಿಂದ ಎಂಟು, ಅಷ್ಟೇ. ಬ್ಯಾಟು, ಚೆಂಡು, ಹೆಲ್ಮೆಟ್ಟನ್ನು ತಗಡಿನ ಶೆಡ್ಡಿನಲ್ಲಿ ಇಡಬೇಡ್ರಿ. ಕಾದ ಚೆಂಡಿನ ತಿರುಳು ಮೆತ್ತಗಾಗಿ ಆಕಾರ ಕೆಡುತ್ತದೆ, ಗ್ರಿಪ್ಪಿನ ಅಂಟು ಬಿಡುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಗೋಣಿಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿರಿ. ಚೀಲದ ಮೇಲೆ ಚೆಂಡಿನ ಸಂಖ್ಯೆ ದೊಡ್ಡದಾಗಿ ಬರೆದಿರಲಿ. ನಮ್ಮ ಮೈದಾನಗಳ ಅಂಚಿನ ಬಳ್ಳಾರಿ ಜಾಲಿಯೊಳಗೆ ಹೋದ ಚೆಂಡು ಅವತ್ತೇ ಹುಡುಕದಿದ್ದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಎಣಿಕೆ ಎಂಟಕ್ಕೆ ಅಲ್ಲ, ಏಳೂ ಐವತ್ತಕ್ಕೆ. ಹತ್ತು ನಿಮಿಷ ಹುಡುಕಲು ಉಳಿದಿರಬೇಕು.