ಕಡಲ ಮರಳಲ್ಲಿ ಚಿನ್ನ ತೆಗೆಯಲು ಹೊರಟ ಡಾಕ್ಟರ್

ಬೇರೆ ಲೋಹದಿಂದ ಚಿನ್ನ ಮಾಡಲು ಹೊರಟ ಆಲ್ಕೆಮಿಸ್ಟ್ ಅಂದರೆ ಒಂದೋ ಹುಚ್ಚ, ಇಲ್ಲಾ ಟೋಪಿ ಹಾಕುವವ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಯೋಹಾನ್ ಯೋಆಕಿಮ್ ಬೆಖರ್‌ನನ್ನು ಹಾಗೆ ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ.

ಹುಟ್ಟಿದ್ದು 1635ರಲ್ಲಿ, ಜರ್ಮನಿಯ ಶ್ಪೈಯರ್ ಊರಲ್ಲಿ. ಯುರೋಪಿನ 'ಮೂವತ್ತು ವರ್ಷಗಳ ಯುದ್ಧ' ಇನ್ನೂ ನಡೆಯುತ್ತಿದ್ದ ಕಾಲ. ಪಾದ್ರಿಯಾಗಿದ್ದ ಅಪ್ಪ ಬೇಗ ತೀರಿಕೊಂಡ. ಸಂಸಾರದ ಭಾರ ಹುಡುಗನ ಹೆಗಲಿಗೆ ಬಿತ್ತು. ಓದಿದ್ದು ಬಹುಪಾಲು ತಾನೇ ತಾನಾಗಿ. ಆದರೂ ಮೈಂಟ್ಸ್‌ನಲ್ಲಿ ವೈದ್ಯಶಾಸ್ತ್ರದ ಪ್ರೊಫೆಸರ್ ಆದ, ಅಲ್ಲಿನ ದೊರೆಯ ವೈದ್ಯನೂ ಆದ. ಆಮೇಲೆ ಮ್ಯೂನಿಕ್, ವಿಯೆನ್ನಾ. ಚಕ್ರವರ್ತಿಗೆ ವ್ಯಾಪಾರದ ಸಲಹೆ, ರೇಷ್ಮೆ ಉದ್ಯಮ, ದಕ್ಷಿಣ ಅಮೆರಿಕದಲ್ಲಿ ಜರ್ಮನ್ ವಸಾಹತು... ಒಂದರಲ್ಲೂ ಕಾಲು ಊರಲಿಲ್ಲ ಬಿಡಿ.

1678ರ ಹೊತ್ತಿಗೆ ಹಾಲೆಂಡಿಗೆ ಹೋಗಿ ಅಲ್ಲಿನ ಸರ್ಕಾರದ ಮುಂದೆ ಒಂದು ಯೋಜನೆ ಇಟ್ಟ. ಬೆಳ್ಳಿಯನ್ನು ಕಡಲ ಮರಳಿನ ಜೊತೆ ಕರಗಿಸಬೇಕು, ಆಮೇಲೆ ಆ ಬೆಳ್ಳಿಯಿಂದ ಚಿನ್ನ ಬೇರ್ಪಡಿಸಬೇಕು. ಹಾಲೆಂಡಿನಲ್ಲಿ ಮರಳಿಗೆ ಬರವೇ? ಸಣ್ಣ ಪರೀಕ್ಷೆಯಲ್ಲಿ ಚೂರು ಚಿನ್ನ ಬಂತು ಕೂಡ. ಆದರೆ ಆ ಕಾಲದ ಬೆಳ್ಳಿಯಲ್ಲಿ ಮೊದಲೇ ಒಂದಿಷ್ಟು ಚಿನ್ನ ಬೆರೆತಿರುವುದು ಸಾಮಾನ್ಯ. ಬಂದದ್ದು ಅದೇ ಇರಬೇಕು ಅಂತ ನನ್ನ ಗುಮಾನಿ. ದೊಡ್ಡ ಕುಲುಮೆ ಹೊತ್ತುವ ಮೊದಲೇ ಆಸಾಮಿ ಇಂಗ್ಲೆಂಡಿಗೆ ಹೊರಟಿದ್ದ. ಇಲ್ಲಿ ಅವನ ಪರ ವಾದಿಸೋದು ಕಷ್ಟ ಅಲ್ವಾ?

ಆದರೆ ಅದೇ ಇಂಗ್ಲೆಂಡಿನಲ್ಲಿ, 1681ರಲ್ಲಿ, ಹೆನ್ರಿ ಸರ್ಲ್ ಎಂಬುವನ ಜೊತೆ ಸೇರಿ ಕಲ್ಲಿದ್ದಲಿನಿಂದ ಡಾಂಬರು ತೆಗೆಯುವುದಕ್ಕೆ ಪೇಟೆಂಟ್ ಪಡೆದ. ಆಗ ಹಡಗಿಗೆ ಬಳಿಯುವ ಡಾಂಬರು ಮರದಿಂದ ಬರುತ್ತಿತ್ತು, ಅದೂ ಹೆಚ್ಚಾಗಿ ಸ್ವೀಡನ್ ಕಡೆಯಿಂದ. ಮುಂದೆ 19ನೇ ಶತಮಾನದಲ್ಲಿ ಬಟ್ಟೆಯ ಕೃತಕ ಬಣ್ಣಗಳು, ಹಲವು ಔಷಧಿಗಳು ಹುಟ್ಟಿದ್ದು ಈ ಕಲ್ಲಿದ್ದಲ ಡಾಂಬರಿನಿಂದಲೇ. ಚಿನ್ನ ಅಂದರೆ ಇದೇ ಚಿನ್ನ ಅನ್ನಬೇಕು!

ಇನ್ನು ಅವನ ಸಿದ್ಧಾಂತ. 1669ರ 'ಫಿಸಿಕಾ ಸಬ್‌ಟೆರೇನಿಯಾ' ಪುಸ್ತಕದಲ್ಲಿ, ಉರಿಯುವ ವಸ್ತುಗಳಲ್ಲಿ ಜಿಡ್ಡಿನಂಥ ಒಂದು ಮಣ್ಣು ಇರುತ್ತದೆ, ಉರಿದಾಗ ಅದು ಹೊರಟುಹೋಗುತ್ತದೆ ಅಂದ. ಗೇಯಾರ್ಗ್ ಶ್ಟಾಲ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಅದನ್ನೇ ಬೆಳೆಸಿ 'ಫ್ಲಾಜಿಸ್ಟನ್' ಅಂತ ಕರೆದ. ಪೂರ್ತಿ ತಪ್ಪು. ಲೋಹವನ್ನು ಸುಟ್ಟರೆ ತೂಕ ಜಾಸ್ತಿಯಾಗುತ್ತೆ. ಏನೋ ಹೊರಗೆ ಹೋಗುವುದಾದರೆ ತೂಕ ಇಳಿಯಬೇಕಿತ್ತಲ್ಲ! ಆದರೂ ಸೌದೆ ಉರಿಯುವುದೂ ಲೋಹ ಬೂದಿಯಾಗುವುದೂ ಒಂದೇ ಜಾತಿಯ ಕೆಲಸ ಅಂತ ಜನ ಯೋಚಿಸತೊಡಗಿದ್ದು ಈ ತಪ್ಪಿನಿಂದಲೇ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ ಬಂದು, ಉರಿಯುವುದು ಅಂದರೆ ಆಮ್ಲಜನಕ ಸೇರಿಕೊಳ್ಳುವುದು ಅಂತ ಲೆಕ್ಕ ಒಪ್ಪಿಸುವವರೆಗೂ ರಸಾಯನಶಾಸ್ತ್ರ ನಿಂತದ್ದು ಇದರ ಮೇಲೆ.

ಇವನು ಮೋಸಗಾರ ಅಂತ ಒಪ್ಪಲು ನನಗೆ ಅಡ್ಡ ಬರುವುದು 1682ರ ಅವನ ಪುಸ್ತಕ, 'ಮೂರ್ಖ ಜಾಣತನ, ಜಾಣ ಮೂರ್ಖತನ'. ತನ್ನವೂ ಇತರರವೂ ಸೇರಿ ನೂರು ಯೋಜನೆಗಳ ಪಟ್ಟಿ ಅದು. ಕೆಲವು ಫಲಿಸಿದವು, ಕೆಲವು ಏನೂ ಆಗಲಿಲ್ಲ ಅಂತ ಪುಸ್ತಕದ ಶೀರ್ಷಿಕೆಯಲ್ಲೇ ಅಚ್ಚು ಹಾಕಿಸಿದ್ದಾನೆ. ದುಡ್ಡು ಕೇಳಲು ಬರುವ ಯಾವ ಮೋಸಗಾರ ಇಂಥ ಪಟ್ಟಿ ತೋರಿಸುತ್ತಾನೆ, ಹೇಳಿ? ಅದೇ ವರ್ಷ ಅಕ್ಟೋಬರ್‌ನಲ್ಲಿ, 47ನೇ ವಯಸ್ಸಿಗೆ, ಲಂಡನ್ನಿನಲ್ಲಿ ತೀರಿಕೊಂಡ.